ಸುಟ್ಟ ಗಾಯದವರನ್ನು ಮನೆಗೆ ಕಳಿಸಿದ ಮೇಲೆ ನೋಡುವವರು ಯಾರು?

ಮಾನ್ಯ ಸಂಪಾದಕರೇ,

ಅಡಿಕೆ ಕೊಯ್ಲು ಶುರುವಾದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಮನೆಮನೆಯಲ್ಲೂ ದೊಡ್ಡ ಒಲೆ ಉರಿಯುತ್ತದೆ. ಒಂದು ಕಡೆ ಸುಲಿಯುವವರು, ಇನ್ನೊಂದು ಕಡೆ ಹಂಡೆಯಲ್ಲಿ ಕುದಿಯುವ ಚೊಗರು, ಅಂದರೆ ಅಡಿಕೆ ಬೇಯಿಸುವ ಕೆಂಪು ನೀರು. ರಾತ್ರಿ ನಿದ್ದೆಗಣ್ಣಲ್ಲಿ ಕಾಲು ಜಾರಿದರೆ ಮುಗಿಯಿತು. ಬಚ್ಚಲ ಹಂಡೆ, ಮದುವೆ ಮನೆಯ ಸಾರಿನ ಪಾತ್ರೆ, ಗ್ಯಾಸ್ ಒಲೆ ಇವೆಲ್ಲ ವರ್ಷವಿಡೀ ಇದ್ದೇ ಇವೆ. ಯಾರಾದರೂ ಸುಟ್ಟುಕೊಂಡರೆ ಪತ್ರಿಕೆಯಲ್ಲಿ ಎರಡು ಸಾಲು ಬರುತ್ತದೆ, ಗಾಯಾಳು ಆಸ್ಪತ್ರೆಗೆ ದಾಖಲು ಎಂದು. ಆಮೇಲೆ ಅವರು ಏನಾದರು ಎಂಬುದು ಯಾರಿಗೂ ಗೊತ್ತಾಗುವುದಿಲ್ಲ.

ನಮ್ಮ ಮನೆಯಲ್ಲಿ ಆದದ್ದನ್ನೇ ಹೇಳುತ್ತೇನೆ. ಅತ್ತಿಗೆಯ ಬಲಗೈ ಮತ್ತು ಕುತ್ತಿಗೆ ಮೇಲೆ ಚೊಗರು ಬಿತ್ತು. ಆಸ್ಪತ್ರೆಯಲ್ಲಿ ತೊಡೆಯ ಚರ್ಮ ತೆಗೆದು ಗಾಯಕ್ಕೆ ಹಾಕಿದರು, ಜೀವ ಉಳಿಸಿದರು. ಆ ಡಾಕ್ಟರು, ನರ್ಸುಗಳ ಬಗ್ಗೆ ನನಗೆ ಗೌರವವಿದೆ. ಆದರೆ ಡಿಸ್ಚಾರ್ಜ್ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಮಾತ್ರೆಗಳ ಹೆಸರು, ಕೊನೆಯಲ್ಲಿ ಡ್ರೆಸ್ಸಿಂಗ್, ಫಿಸಿಯೋಥೆರಪಿ ಎಂಬ ಎರಡು ಪದ. ಎಲ್ಲಿ ಮಾಡಿಸಬೇಕು, ಎಷ್ಟು ದಿನ, ಮನೆಯಲ್ಲಿ ನಾವೇನು ಮಾಡಬೇಕು, ಒಂದೂ ಇಲ್ಲ. ನೋವು ತಡೆಯಲಾರದೆ ಅವರು ಕೈ ಮಡಚಿ ಎದೆಗೆ ಒತ್ತಿಕೊಂಡೇ ಇರುತ್ತಿದ್ದರು. ಹಾಯಾಗಿರಲಿ ಎಂದು ತಲೆಯಡಿ ಎರಡು ದಿಂಬು. ಕೆಲವೇ ತಿಂಗಳಲ್ಲಿ ಮೊಣಕೈ ಬಿಗಿದುಹೋಯಿತು. ಈಗ ಜಡೆ ಹಾಕಿಕೊಳ್ಳಲೂ ಮಗಳೇ ಬರಬೇಕು. ಬಿಗಿದ ಮೊಣಕೈ ಬಿಡಿಸಲು ಇನ್ನೊಂದು ಆಪರೇಷನ್ ಆಗಬೇಕಂತೆ.

ಆಮೇಲೆ ಒಬ್ಬ ಫಿಸಿಯೋಥೆರಪಿಸ್ಟ್ ನಮಗೆ ವಿವರವಾಗಿ ತಿಳಿಸಿದರು. ಆಳವಾಗಿ ಸುಟ್ಟು, ಮಾಯಲು 3 ವಾರಕ್ಕಿಂತ ಜಾಸ್ತಿ ಹಿಡಿದ ಗಾಯದ ಕಲೆ ದಪ್ಪಗಾಗಿ ಉಬ್ಬುವುದು ಹೆಚ್ಚು. ಹೊಸ ಚರ್ಮ ಒಂದು ವರ್ಷ, ಒಂದೊಂದು ಸಲ ಅದಕ್ಕಿಂತ ಜಾಸ್ತಿ ಕಾಲ ಎಳೆದುಕೊಳ್ಳುತ್ತಲೇ ಇರುತ್ತದೆ. ರೋಗಿಗೆ ಯಾವ ಭಂಗಿ ಹಾಯೆನಿಸುತ್ತದೋ ಅದೇ ಭಂಗಿಯಲ್ಲಿ ಕೀಲು ಗಟ್ಟಿಯಾಗುತ್ತದೆ. ಹಾಗಾಗಿ ಕುತ್ತಿಗೆಯ ಮುಂಭಾಗ ಸುಟ್ಟಿದ್ದರೆ ದಿಂಬೇ ಕೂಡದು, ಭುಜದ ಕೆಳಗೆ ಮಡಚಿದ ಟವೆಲ್ ಇಟ್ಟು ಗದ್ದ ಮೇಲೆತ್ತಿ ಮಲಗಿಸಬೇಕು. ಮೊಣಕೈ ಒಳಭಾಗ ಸುಟ್ಟಿದ್ದರೆ ಕೈ ನೀಟಾಗಿ ಚಾಚಿರಬೇಕು. ಕಂಕುಳಾದರೆ ತೋಳು ಮೈಯಿಂದ ದೂರ ಇರಬೇಕು. ಬೆರಳುಗಳಿಗೆ ಒಂದೊಂದಕ್ಕೂ ಬೇರೆ ಬೇರೆ ಪಟ್ಟಿ, ಇಲ್ಲದಿದ್ದರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ರಾತ್ರಿ ಕೀಲು ಮಡಚದಂತೆ ಹಿಡಿದಿಡುವ ಸ್ಪ್ಲಿಂಟ್, ಹಗಲು ಹಲವು ಸಲ ವ್ಯಾಯಾಮ. ಗಾಯ ಪೂರ್ತಿ ಮಾಯ್ದ ಮೇಲೆ ಕಲೆ ಉಬ್ಬದಂತೆ ಒತ್ತಿಹಿಡಿಯುವ, ಅಳತೆಗೆ ಹೊಲಿಸಿದ ಬಿಗಿ ಉಡುಪನ್ನು ದಿನಕ್ಕೆ 23 ಗಂಟೆ ಹಾಕಬೇಕು, ಅದೂ ತಿಂಗಳುಗಟ್ಟಲೆ. ಮಲೆನಾಡಿನ ಮಳೆಗಾಲದಲ್ಲಿ ಅದನ್ನು ಒಗೆದು ಒಣಗಿಸುವುದು ಹೇಗೆ ಎಂದು ಅತ್ತಿಗೆ ಕೇಳಿದ್ದರು. ಬದಲಿಗೊಂದು ಜೊತೆ ಬೇಕೇ ಬೇಕು.

ಇನ್ನು ನಮ್ಮ ಪಥ್ಯದ ಕಥೆ. ಮೊಟ್ಟೆ ಕೊಡಬೇಡಿ, ಮೀನು ಬೇಡ, ಬೇಳೆಯೂ ಬೇಡ, ಎಲ್ಲ ನಂಜು ಎಂದು ನೆಂಟರೆಲ್ಲ ಹೇಳಿ ಬರೀ ಗಂಜಿಗೆ ಇಳಿಸಿದರು. ಸುಟ್ಟ ಮೈಗೆ ಹೊಸ ಚರ್ಮ ಕಟ್ಟಿಕೊಳ್ಳಲು ಮಾಮೂಲಿಗಿಂತ ಜಾಸ್ತಿ ಪ್ರೋಟೀನ್ ಬೇಕು. ಬೇಳೆ, ಮೊಟ್ಟೆ, ಹಾಲು, ಮೀನು ಚೆನ್ನಾಗಿ ತಿನ್ನಲಿ ಎಂದು ಡಾಕ್ಟರೇ ಮನೆಯವರೆದುರು ಒಂದು ಮಾತು ಹೇಳಿದ್ದರೆ ಹಿರಿಯರೂ ಸುಮ್ಮನಾಗುತ್ತಿದ್ದರು. ಸುಟ್ಟ ತಕ್ಷಣ ಟೂತ್‌ಪೇಸ್ಟ್, ಶಾಯಿ, ಅರಿಶಿನ ಮೆತ್ತುವುದೂ ಹೀಗೆಯೇ. ಬಳೆ, ಉಂಗುರ ಬೇಗ ತೆಗೆದು, ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿದು, ಶುಭ್ರ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಹೊರಡುವುದು, ಅಷ್ಟೇ. ಐಸ್ ಇಡಬಾರದು, ಮೈಗೆ ಅಂಟಿದ ಬಟ್ಟೆ ಕೀಳಬಾರದು.

ಡ್ರೆಸ್ಸಿಂಗ್ ಇನ್ನೊಂದು ಪಾಡು. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋದರೆ, ಇದು ದೊಡ್ಡ ಗಾಯ, ಆಪರೇಷನ್ ಆದಲ್ಲೇ ತೋರಿಸಿ ಎನ್ನುತ್ತಾರೆ. ಅವರನ್ನೂ ಬೈಯುವಂತಿಲ್ಲ, ಅವರಿಗೆ ಯಾರೂ ಕಲಿಸಿಲ್ಲ, ಅಂಟದ ಪಟ್ಟಿಯೂ ಅಲ್ಲಿ ಸಿಗುವುದಿಲ್ಲ. ಒಣಗಿ ಅಂಟಿಕೊಂಡ ಪಟ್ಟಿಯ ಬಟ್ಟೆಯನ್ನು ಸಲೈನ್‌ನಲ್ಲಿ (ಆಸ್ಪತ್ರೆಯ ಶುದ್ಧ ಉಪ್ಪುನೀರು) ನೆನೆಸದೆ ಕಿತ್ತರೆ ಆಗಷ್ಟೇ ಹುಟ್ಟಿದ ಚರ್ಮವೂ ಅದರ ಜೊತೆ ಬರುತ್ತದೆ. ಆ ನೋವು ಕಂಡವರು ಮತ್ತೆ ಡ್ರೆಸ್ಸಿಂಗಿಗೆ ಹೋಗುವುದನ್ನೇ ಬಿಡುತ್ತಾರೆ. ಘಟ್ಟ ಇಳಿದು ಮಣಿಪಾಲಕ್ಕೋ ಮಂಗಳೂರಿಗೋ, ಇಲ್ಲ ಬೆಂಗಳೂರಿಗೋ ಹೋಗೋಣ ಎಂದರೆ ಜೊತೆಗೊಬ್ಬರು ಕೆಲಸ ಬಿಡಬೇಕು. ತೋಟದ ಲೈನ್ ಮನೆಯಲ್ಲಿರುವ ಕೂಲಿಯವರಿಗೆ ಇದು ಆಗುವ ಮಾತಾ? ಆಸ್ಪತ್ರೆಯ ಖರ್ಚಿಗೆ ನಮಗೆ ಆರೋಗ್ಯ ಕಾರ್ಡ್ ನೆರವಾಯಿತು. ಬಸ್ಸಿಗೆ, ಸ್ಪ್ಲಿಂಟಿಗೆ, ಬಿಗಿ ಉಡುಪಿಗೆ ಜೇಬಿನಿಂದಲೇ ಕೊಟ್ಟೆವು.

ಸುಟ್ಟ ಗಾಯಗಳ ತಡೆ ಮತ್ತು ಚಿಕಿತ್ಸೆಗೆಂದೇ ಕೇಂದ್ರ ಸರ್ಕಾರದ ರಾಷ್ಟ್ರೀಯ ಕಾರ್ಯಕ್ರಮವೊಂದಿದೆ, ಪುನರ್ವಸತಿಯೂ ಅದರ ಗುರಿಗಳಲ್ಲಿ ಸೇರಿದೆ. ಚಿಕ್ಕಮಗಳೂರಿಗೆ ಸರ್ಕಾರಿ ವೈದ್ಯಕೀಯ ಕಾಲೇಜೂ ಬಂದಿದೆ. ಪ್ರತಿ ತಾಲ್ಲೂಕಿಗೆ ಬರ್ನ್ಸ್ ವಾರ್ಡ್ ಕೊಡಿ ಎಂದು ನಾನು ಕೇಳುತ್ತಿಲ್ಲ, ಅದು ಆಗದ ಮಾತು. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಸುಟ್ಟ ಗಾಯದವರಿಗೆಂದೇ ಇರಲಿ. ಅಂದು ಒಬ್ಬ ಫಿಸಿಯೋಥೆರಪಿಸ್ಟ್ ಬರಲಿ. ಇಬ್ಬರು ನರ್ಸುಗಳನ್ನು ಕೆಲವು ದಿನ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಮಹಾಬೋಧಿ ಸುಟ್ಟಗಾಯಗಳ ವಿಭಾಗಕ್ಕೆ ಕಳಿಸಿದರೆ ಡ್ರೆಸ್ಸಿಂಗ್ ಕಲಿತು ಬರುತ್ತಾರೆ. ಸ್ಪ್ಲಿಂಟ್, ಬಿಗಿ ಉಡುಪು ಉಚಿತವಾಗಿ ಸಿಗಲಿ. ಡಿಸ್ಚಾರ್ಜ್ ದಿನ ಕನ್ನಡದಲ್ಲಿ ಒಂದು ಹಾಳೆ ಕೊಡಲಿ. ಹೇಗೆ ಮಲಗಬೇಕು, ಯಾವ ವ್ಯಾಯಾಮ, ಏನು ತಿನ್ನಬೇಕು ಎಂಬುದನ್ನು ಚಿತ್ರ ಸಮೇತ ಬರೆದಿರಲಿ. ಆಮೇಲೆ ಆಶಾ ಕಾರ್ಯಕರ್ತೆಗೆ ಒಂದು ಫೋನ್ ಹೋಗಲಿ. ಬಾಣಂತಿ ಮನೆಗೆ ಹೋಗಿ ನೋಡಿಬರುವವರು ಈ ಮನೆಗೂ ಹೋಗಿ, ದಿಂಬು ತೆಗೆದಿದ್ದಾರಾ, ಕೈ ಚಾಚಿದ್ದಾರಾ ಎಂದು ನೋಡಿಬರಬಹುದು. ಅದಕ್ಕೆ ಅವರಿಗೆ ಪ್ರತ್ಯೇಕ ಗೌರವಧನ ಕೊಡಬೇಕು, ಈಗಾಗಲೇ ಅವರ ಹೆಗಲ ಮೇಲಿರುವುದು ಕಡಿಮೆಯೇನಲ್ಲ.

ಜಿಲ್ಲಾ ಆರೋಗ್ಯಾಧಿಕಾರಿಗಳು ಮತ್ತು ನಮ್ಮ ಶಾಸಕರು ಇದಕ್ಕೆ ಪತ್ರಿಕೆಯ ಮೂಲಕವೇ ಉತ್ತರ ಕೊಡಬೇಕೆಂದು ಕೋರುತ್ತೇನೆ.

– ಒಬ್ಬ ಅಡಿಕೆ ಬೆಳೆಗಾರ, ಕೊಪ್ಪ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ