ಬಾಣಂತಿಯ ಕೀಲು ನೋವನ್ನೂ ಕೇಳಿ, ಸಚಿವರೇ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ನಾನು ಹೊಸದುರ್ಗ ತಾಲೂಕಿನ ಹಳ್ಳಿಯವಳು. ಮಗಳಿಗೆ ಆರು ವರ್ಷ, ಮಗನಿಗೆ ಎರಡೂವರೆ. ನನಗೆ ರುಮಟಾಯ್ಡ್ ಆರ್ಥ್ರೈಟಿಸ್ ಇದೆ. ಊರಲ್ಲಿ ಸಂಧಿವಾತ ಅಂತಾರೆ.

ಮಗ ಹುಟ್ಟಿ ಮೂರು ತಿಂಗಳಿಗೆ ಬೆರಳ ಗಿಣ್ಣುಗಳು ಊದಿದವು. ಬೆಳಗ್ಗೆ ಎದ್ದರೆ ಮುಷ್ಟಿ ಕಟ್ಟೋಕೆ ಆಗುತ್ತಿರಲಿಲ್ಲ. ಕೈ ಸಡಿಲವಾಗಲು ಎರಡು ಗಂಟೆ ಬೇಕಿತ್ತು. "ಬಾಣಂತನದಲ್ಲಿ ತಣ್ಣೀರು ಮುಟ್ಟಿದ್ದೀಯ, ವಾಯು ಹಿಡಿದಿದೆ" ಅಂದರು ಅತ್ತೆ. ಅವರದು ತಪ್ಪಲ್ಲ, ಅವರಿಗೂ ಹಿರಿಯರು ಹಾಗೇ ಹೇಳಿದ್ದರು. ಆದರೆ ತೋರಿಸಿದ ಡಾಕ್ಟರೂ ಅದನ್ನೇ ಹೇಳಿ ನೋವಿನ ಮಾತ್ರೆ, ಕ್ಯಾಲ್ಸಿಯಂ ಬರೆದುಕೊಟ್ಟರು. ಹನ್ನೊಂದು ತಿಂಗಳು ಹೀಗೇ ಹೋಯಿತು. ಕೊನೆಗೆ ಬೆಂಗಳೂರಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಕಾಯಿಲೆಯ ಹೆಸರು ಗೊತ್ತಾಯಿತು. ಅಷ್ಟರಲ್ಲಿ ಬಲಗೈ ಮಣಿಕಟ್ಟಿನ ಮೂಳೆ ಸವೆದಿತ್ತು. ಅದು ಮತ್ತೆ ಮೊದಲಿನಂತಾಗಲ್ಲ.

ನಮ್ಮ ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ ಇದು. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಜಾಸ್ತಿ. ಹೆರಿಗೆಯಾದ ಮೇಲಿನ ತಿಂಗಳುಗಳಲ್ಲಿ ಎಷ್ಟೋ ಜನಕ್ಕೆ ಶುರುವಾಗುತ್ತದೆ, ಇಲ್ಲವೇ ಇದ್ದದ್ದು ಕೆರಳುತ್ತದೆ. ಬೇಗ ಗುರುತಿಸಿ ಸರಿಯಾದ ಔಷಧಿ ಕೊಟ್ಟರೆ ಕೀಲುಗಳನ್ನು ಉಳಿಸಿಕೊಳ್ಳಬಹುದು.

ನಮ್ಮ ಕಡೆ ದಿನಾ ಮುದ್ದೆ ಆಗಬೇಕು. ಕೋಲು ಹಿಡಿದು ತಿರುವೋಕೆ ನನಗಾಗಲ್ಲ, ಗಂಡ ತಿರುವುತ್ತಾರೆ. ಮಗನನ್ನು ಅಂಗೈಯಲ್ಲಿ ಹಿಡಿದೆತ್ತಲಾರೆ. ಮೊಣಕೈ ಒಳಗೆ ಸೇರಿಸಿಕೊಂಡು ಎತ್ತುತ್ತೇನೆ. ಯೂನಿಫಾರ್ಮ್ ಗುಂಡಿಯನ್ನು ಮಗಳೇ ಹಾಕಿಕೊಳ್ಳುತ್ತಾಳೆ. ಜಡೆ ಮಾತ್ರ ಅವಳಿಗೆ ಬರಲ್ಲ. ಅದಕ್ಕೇ ಉದ್ದ ಕೂದಲು ಕತ್ತರಿಸಿಬಿಟ್ಟೆವು. ಅವತ್ತು ಅವಳು ಅಳಲಿಲ್ಲ, ನಾನು ಅತ್ತೆ.

ಮೆಥೊಟ್ರೆಕ್ಸೇಟ್ ಅನ್ನೋ ಈ ಕಾಯಿಲೆಯ ಮಾತ್ರೆ ಶುರುಮಾಡಬೇಕಾದರೆ ಎದೆಹಾಲು ಬಿಡಿಸಲೇಬೇಕು ಅಂದರು ಡಾಕ್ಟರು. ಮಗನಿಗೆ ಆಗ ಹದಿನಾಲ್ಕು ತಿಂಗಳು. ಇದು ವಾರಕ್ಕೆ ಒಂದೇ ದಿನ ನುಂಗುವ ಮಾತ್ರೆ. ತಪ್ಪಿ ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಇದನ್ನು ನುಂಗುವಾಗ ಬಸಿರಾಗಲೂಬಾರದು. ಓದು ಬರಹ ಬಾರದ ತಾಯಿಗೆ ಇಷ್ಟನ್ನೆಲ್ಲ ಯಾರು ಕೂತು ಬಿಡಿಸಿ ಹೇಳುತ್ತಾರೆ?

ಶಕ್ತಿ ಯೋಜನೆಯಿಂದ ನನ್ನ ಬಸ್ ಚಾರ್ಜು ಉಳಿಯುತ್ತದೆ, ಅದಕ್ಕೆ ಕೃತಜ್ಞಳು. ಆದರೆ ರಕ್ತ, ಲಿವರ್ ಪರೀಕ್ಷೆಗೆ, ತಿಂಗಳ ಮಾತ್ರೆಗೆ ದುಡ್ಡು ಕೈಯಿಂದಲೇ ಹೋಗುತ್ತದೆ. ಆಯುಷ್ಮಾನ್ ಕಾರ್ಡು ಹೆಚ್ಚಾಗಿ ಆಸ್ಪತ್ರೆಗೆ ದಾಖಲಾದವರಿಗೆ. ನಮ್ಮದು ಹಾಸಿಗೆ ಹಿಡಿಯದೆ ವರ್ಷಗಟ್ಟಲೆ ಮಾತ್ರೆ ನುಂಗುವ ಕಾಯಿಲೆ ಅಲ್ವಾ?

ಹೆರಿಗೆಯಾದ ಮೇಲೆ 42ನೇ ದಿನದವರೆಗೆ ಆಶಾ ಕಾರ್ಯಕರ್ತೆಯರು ಮನೆಗೆ ಬರುತ್ತಾರೆ. ನಮ್ಮೂರಿನವರು ಮಗುವನ್ನು ತೂಗಿ, ನನ್ನನ್ನೂ ಅಕ್ಕರೆಯಿಂದ ವಿಚಾರಿಸಿದ್ದರು. ನನ್ನ ನೋವು ಶುರುವಾಗಿದ್ದು ಅದಾದ ಮೇಲೆ. ಮಗುವಿಗೆ ಒಂಬತ್ತು ತಿಂಗಳಿಗೆ ದಡಾರ ಲಸಿಕೆ ಹಾಕಿಸಲು ಎಲ್ಲ ತಾಯಂದಿರೂ ಬರುತ್ತಾರಲ್ಲ, ಅಲ್ಲಿ ಒಂದು ಪ್ರಶ್ನೆ ಸೇರಿಸಿ: "ಬೆಳಗ್ಗೆ ಎದ್ದಾಗ ಕೈ ಮಡಚೋಕೆ ಎಷ್ಟು ಹೊತ್ತು ಬೇಕಮ್ಮ?" ಒಂದು ಗಂಟೆಗಿಂತ ಜಾಸ್ತಿ ಅಂದರೆ, ಗಿಣ್ಣು ಊದಿದ್ದರೆ, ತಾಲೂಕು ಆಸ್ಪತ್ರೆಯಲ್ಲೇ ಈ ಕಾಯಿಲೆ ಪತ್ತೆಹಚ್ಚುವ ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ ರಕ್ತ ಪರೀಕ್ಷೆ ಬಿಟ್ಟಿಯಾಗಿ ಆಗಲಿ. ಬಿಪಿ, ಶುಗರ್ ಮಾತ್ರೆಯ ಹಾಗೆ ನಮ್ಮ ಮಾತ್ರೆಯೂ ಅಲ್ಲೇ ಸಿಗಲಿ. ಜಿಲ್ಲಾಸ್ಪತ್ರೆಗೆ ತಿಂಗಳಿಗೊಮ್ಮೆಯಾದರೂ ಕೀಲುವಾತದ ತಜ್ಞರು ಬರಲಿ.

ನನ್ನ ನಾದಿನಿಗೆ ಈಗ ಏಳು ತಿಂಗಳು. ಅವಳಿಗೆ ಹೆರಿಗೆಯಾಗಿ ಮಗು ಲಸಿಕೆಗೆ ಬರುವ ಹೊತ್ತಿಗೆ ಈ ಪ್ರಶ್ನೆ ಕೇಳುವವರು ಅಲ್ಲಿ ಇರಲಿ ಎಂದು ಬೇಡುತ್ತೇನೆ.

ಇಂತಿ,
ಹೊಸದುರ್ಗ ತಾಲೂಕಿನ ಒಬ್ಬ ತಾಯಿ