ಸಂತೆಯಲ್ಲಿ ಸಿಕ್ಕ ಅಜ್ಜಿಗೆ

ನಾಟಿ ಕೋಳಿಮರಿ ಬುಟ್ಟಿ ಇಟ್ಟುಕೊಂಡು ಸಂತೆಯಲ್ಲಿ ಕೂತಿದ್ದ ಅಜ್ಜಿ, ಈ ಧನ್ಯವಾದ ನಿಮಗೆ. ನಿಮ್ಮ ಹೆಸರು ಕೇಳೋದೇ ಮರೆತೆ.

ಟರ್ಕಿ ಮೊಟ್ಟೆಗೆ 28 ದಿನ ಕಾವು ಬೇಕು. ಎಂಟು ಮೊಟ್ಟೆ ನಾಟಿ ಹೇಂಟೆಯ ಕೆಳಗಿಟ್ಟಿದ್ದೆ. 21 ದಿನ ದಾಟಿದ್ದೇ ಅಮ್ಮ 'ಎಲ್ಲ ಕೆಟ್ಟಿವೆ, ಬಿಸಾಕು' ಅಂದರು. ಅವರದು ಕೋಳಿ ಲೆಕ್ಕ! ಕೊನೆಗೆ ಆರು ಮರಿ ಬಂದವು.

ಬೆಕ್ಕಿನ ಭಯಕ್ಕೆ ಮರಿಗಳನ್ನು ಹೇಂಟೆಯಿಂದ ಬಿಡಿಸಿ, ರಟ್ಟಿನ ಡಬ್ಬದಲ್ಲಿ ಬಲ್ಬ್ ಹಾಕಿ ಇಟ್ಟೆ. ಅಲ್ಲೇ ಎಡವಟ್ಟಾಯಿತು. ಮೇವಿನ ತಟ್ಟೆಯಲ್ಲೇ ನಿಂತಿರುತ್ತಿದ್ದವು, ಒಂದು ಕಾಳೂ ಮುಟ್ಟುತ್ತಿರಲಿಲ್ಲ. ನಾಲ್ಕನೇ ದಿನ ಒಂದು ಸತ್ತಿತು.

ನಿಮಗೆ ಹೇಳಿದಾಗ ನಕ್ಕಿರಿ. 'ಅವಕ್ಕೆ ತಿನ್ನೋಕೇ ಬರಲ್ಲ ಕಣಪ್ಪಾ, ಕಲಿಸೋರು ಬೇಕು' ಅಂತ ಎರಡು ಕೋಳಿಮರಿ ಕೈಗಿಟ್ಟಿರಿ. ನೀರಿನ ತಟ್ಟೆಗೆ ಬಣ್ಣದ ಗೋಲಿ ಹಾಕು, ಬೇಯಿಸಿದ ಮೊಟ್ಟೆ ಪುಡಿಮಾಡಿ ಕೊಡು, ಎರಡು ವಾರ ಆದಮೇಲೆ ಬೇರೆ ಮಾಡು, ಕೋಳಿ ರೋಗ ಟರ್ಕಿಗೆ ಹತ್ತುತ್ತೆ ಅಂದಿರಿ. ದುಡ್ಡು ಕೊಟ್ಟರೆ 'ಮರಿ ಬದುಕಲಿ, ಆಮೇಲೆ ನೋಡೋಣ' ಅಂದಿರಿ.

ಅವತ್ತು ಸಂಜೆಯೇ ಕೋಳಿಮರಿ ಟಕ್ ಟಕ್ ಅಂತ ಕುಕ್ಕಿತು. ಪಕ್ಕದ ಟರ್ಕಿಮರಿ ಕತ್ತು ಓರೆ ಮಾಡಿ ನೋಡಿತು, ಗೋಲಿಗೊಮ್ಮೆ ಕುಟ್ಟಿತು, ಕೊಕ್ಕು ಒದ್ದೆಯಾಯಿತು. ಆಮೇಲೆ ಕುಡಿದದ್ದೇ ಕುಡಿದದ್ದು.

ಐದೂ ಉಳಿದಿವೆ. ದೊಡ್ಡದು ಈಗ ಬಾಲ ಬಿಚ್ಚಿ ಅಮ್ಮನನ್ನೇ ಹೆದರಿಸುತ್ತೆ. ಮೂರು ಸಂತೆ ಹುಡುಕಿದೆ ಅಜ್ಜಿ, ನೀವು ಸಿಗಲಿಲ್ಲ. ಮರಿಗಳ ದುಡ್ಡು ನನ್ನ ಹತ್ತಿರವೇ ಇದೆ.