ಸೋಫಿ ಬ್ಲಾಂಶಾರ್‌ಗೆ ಸಿಗಬೇಕಾದ ಜಾಗ

ಸಂಪಾದಕರಿಗೆ,

ಮಾನ್ಯರೇ,

ಬಲೂನ್ ಹಾರಾಟದ ಇತಿಹಾಸ ಕುರಿತು ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಬಿಸಿಗಾಳಿ ಬಲೂನು ಕಂಡುಹಿಡಿದ ಮಾಂಟ್‌ಗಾಲ್ಫಿಯೇ ಸೋದರರಿಗೆ ಅರ್ಧ ಪುಟ ಸಿಕ್ಕಿದೆ, ಸಂತೋಷ. ಫ್ರಾನ್ಸಿನ ಬಲೂನ್ ಹಾರಾಟಗಾರ್ತಿ ಸೋಫಿ ಬ್ಲಾಂಶಾರ್‌ಗೆ ಸಿಕ್ಕಿದ್ದು ಮೂಲೆಯ ಒಂದು ಚೌಕ, ಅದರೊಳಗೆ ಹೊತ್ತಿ ಉರಿಯುವ ಬಲೂನಿನ ಚಿತ್ರ. ಕೆಳಗೆ ‘ಆಕಾಶಕ್ಕೇರಿದ ಮೊದಲ ಮಹಿಳೆ, ಪಟಾಕಿ ಹುಚ್ಚಿಗೆ ಬಲಿ’ ಎಂದಿದೆ. ಮೊದಲ ಮಾತು ತಪ್ಪು. ಎರಡನೆಯದನ್ನು ಓದಿ ನೋವಾಯಿತು, ಅದಕ್ಕೇ ಈ ಪತ್ರ.

ಸೋಫಿಗಿಂತ ಎಷ್ಟೋ ಮೊದಲೇ, 1784ರ ಜೂನ್ 4ರಂದು, ಫ್ರಾನ್ಸಿನ ಲಿಯೋನ್ ನಗರದಲ್ಲಿ ಎಲಿಜಬೆತ್ ತಿಬ್ಲ್ ಬಿಸಿಗಾಳಿ ಬಲೂನಿನಲ್ಲಿ ಹಾರಿದ್ದರು. ಸ್ವೀಡನ್ನಿನ ದೊರೆ ಮೂರನೇ ಗುಸ್ತಾವ್ ಅದನ್ನು ನೋಡಲು ಬಂದಿದ್ದ. ಒಬ್ಬಂಟಿಯಾಗಿ ಹಾರಿದ ಮೊದಲ ಹೆಣ್ಣುಮಗಳು ಜಾನ್ ಲಾಬ್ರೋಸ್, 1798ರಲ್ಲಿ. ಅದೇ ವರ್ಷ ಆಂದ್ರೆ ಜಾಕ್ ಗಾರ್ನೆರಾಂ ಎಂಬ ಬಲೂನ್ ಹಾರಾಟಗಾರ ಒಬ್ಬ ಯುವತಿಯನ್ನು ಜೊತೆಗೆ ಕರೆದೊಯ್ಯುತ್ತೇನೆಂದು ಸಾರಿದಾಗ ಪ್ಯಾರಿಸ್ಸಿನ ಪೊಲೀಸರು ಅಡ್ಡಬಂದರು. ಎತ್ತರದ ಗಾಳಿಯ ಒತ್ತಡವನ್ನು ಹೆಣ್ಣಿನ ನಾಜೂಕು ದೇಹ ತಾಳೀತೇ ಎಂಬುದು ಒಂದು ಆತಂಕ, ಮದುವೆಯಾಗದ ಗಂಡು ಹೆಣ್ಣು ಅಷ್ಟು ಒತ್ತಾಗಿ ಕೂರುವುದು ಸರಿಯೇ ಎಂಬುದು ಇನ್ನೊಂದು. ಕೊನೆಗೆ ವಿಷಯ ಮಂತ್ರಿಗಳವರೆಗೆ ಹೋಗಿ, ಇಬ್ಬರೂ ಒಂದೇ ಗಾಡಿ ಹತ್ತುವುದರಲ್ಲಿ ಇಲ್ಲದ ತಪ್ಪು ಬಲೂನು ಹತ್ತುವುದರಲ್ಲಿ ಎಲ್ಲಿಂದ ಬರುತ್ತದೆ ಎಂದು ತೀರ್ಮಾನವಾಯಿತು.

ಸೋಫಿ ಬೆಳೆದದ್ದು ಇಂಥ ಕಾಲದಲ್ಲಿ. 1778ರಲ್ಲಿ ಲಾ ರೋಶೆಲ್ ಬಳಿ ಹುಟ್ಟಿದವರು. ಗಾತ್ರದಲ್ಲಿ ಪುಟ್ಟ ಹೆಂಗಸು. ಜೋರು ಸದ್ದಿಗೆ ಬೆಚ್ಚುತ್ತಿದ್ದರಂತೆ, ಕುದುರೆಗಾಡಿ ಹತ್ತಲೂ ಹೆದರುತ್ತಿದ್ದರಂತೆ. ಗಂಡ ಜಾನ್ ಪಿಯರ್ ಬ್ಲಾಂಶಾರ್, 1785ರಲ್ಲಿ ಬಲೂನಿನಲ್ಲೇ ಇಂಗ್ಲಿಷ್ ಕಾಲುವೆ (ಇಂಗ್ಲೆಂಡ್ ಮತ್ತು ಫ್ರಾನ್ಸಿನ ನಡುವಿನ ಸಮುದ್ರ) ದಾಟಿ ಹೆಸರಾದವನು, 1804ರ ಡಿಸೆಂಬರಿನಲ್ಲಿ ಮಾರ್ಸೇಲ್‌ನಲ್ಲಿ ಹೆಂಡತಿಯನ್ನು ಮೊದಲ ಸಲ ಮೇಲಕ್ಕೆ ಕರೆದೊಯ್ದ. ಮುಂದಿನ ವರ್ಷವೇ ತುಲೂಸ್‌ನಲ್ಲಿ ಅವರು ಒಬ್ಬರೇ ಹಾರಿದರು. ಹಾರುತ್ತಿದ್ದಾಗ ಹೃದಯಾಘಾತವಾಗಿ ಬಲೂನಿನಿಂದ ಬಿದ್ದಿದ್ದ ಗಂಡ 1809ರಲ್ಲಿ ತೀರಿಕೊಂಡಾಗ ಮನೆಯಲ್ಲಿ ಉಳಿದದ್ದು ಸಾಲ. ಸಾಲ ತೀರಿಸಲು ಸೋಫಿ ಹಾರಾಟ ಮುಂದುವರಿಸಿದರು. ಬಲೂನು ಹಾರಿಸುವುದನ್ನೇ ಕಸುಬು ಮಾಡಿಕೊಂಡು ಬದುಕಿದ ಮೊದಲ ಮಹಿಳೆ ಅವರು. ‘ಮೊದಲ’ ಎಂಬ ಪದ ಬಳಸಲೇಬೇಕಿದ್ದರೆ ಇಲ್ಲಿ ಬಳಸಬೇಕು.

ಆ ಕಸುಬಿಗೆ ಎಂಥ ತಿಳಿವಳಿಕೆ ಬೇಕಿತ್ತು ಎಂಬುದು ಲೇಖನದಲ್ಲಿ ಬರಲೇ ಇಲ್ಲ. ಭೌತಶಾಸ್ತ್ರ ಪಾಠ ಮಾಡಿದ ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುವುದು ಅದೇ. ಅವರು ಆರಿಸಿಕೊಂಡದ್ದು ಜಲಜನಕದ (ಹೈಡ್ರೋಜನ್) ಬಲೂನು. ಬಿಸಿಗಾಳಿ ಬಲೂನಿಗಾದರೆ ಮೇಲೆ ಹೋದ ಮೇಲೂ ಬೆಂಕಿ ಊಡುತ್ತಲೇ ಇರಬೇಕು. ಗಾಳಿಗಿಂತ ಹಗುರವಾದ ಜಲಜನಕಕ್ಕೆ ಆ ಗೋಜಿಲ್ಲ. ಪೀಪಾಯಿಗಳಲ್ಲಿ ಕಬ್ಬಿಣದ ಚೂರಿಗೆ ಗಂಧಕಾಮ್ಲ ಸುರಿದು ಹೊರಡುವ ಅನಿಲವನ್ನು ಮೆರುಗೆಣ್ಣೆ ಬಳಿದ ರೇಷ್ಮೆಯ ಚೀಲಕ್ಕೆ ತುಂಬುತ್ತಿದ್ದರು. ತಾನು ಹಗುರವಾಗಿದ್ದರಿಂದ ಚಿಕ್ಕ ಬಲೂನೇ ಸಾಕು, ಖರ್ಚೂ ಕಡಿಮೆ ಎಂದು ಲೆಕ್ಕ ಹಾಕಿದ್ದರು. ಕೂರುವ ಬುಟ್ಟಿಯೂ ಮಗುವಿನ ತೊಟ್ಟಿಲಿನಷ್ಟೇ ಇತ್ತು. ಅದರಲ್ಲಿ ಚುಕ್ಕಾಣಿ ಇಲ್ಲ. ಏರಬೇಕೆಂದರೆ ಭಾರಕ್ಕೆಂದು ಒಯ್ದ ಮರಳು ಚೆಲ್ಲಬೇಕು, ಇಳಿಯಬೇಕೆಂದರೆ ಹಗ್ಗ ಎಳೆದು ಕವಾಟ ತೆರೆದು ಅನಿಲ ಬಿಡಬೇಕು. ಚೆಲ್ಲಿದ ಮರಳು, ಬಿಟ್ಟ ಅನಿಲ ಎರಡೂ ತಿರುಗಿ ಸಿಗುವುದಿಲ್ಲ. ಎಷ್ಟು ಉಳಿದಿದೆ, ಗಾಳಿ ಎತ್ತ ಬೀಸುತ್ತಿದೆ, ಕೆಳಗೆ ಕಾಣುವುದು ಗದ್ದೆಯೋ ನೀರೋ, ಎಲ್ಲವನ್ನೂ ಒಬ್ಬರೇ ತೂಗಿ ನೋಡಬೇಕು. ಇಷ್ಟೆಲ್ಲ ಗೊತ್ತಿದ್ದೂ ರಾತ್ರಿಯೆಲ್ಲ ಮೇಲೇ ಇದ್ದು, ಅಲ್ಲೇ ನಿದ್ದೆ ಮಾಡಿ ಬೆಳಗಿನ ಜಾವ ಇಳಿದದ್ದುಂಟು. 1812ರಲ್ಲಿ ಟ್ಯೂರಿನ್‌ನಲ್ಲಿ ಏರಿದಾಗ ಚಳಿಗೆ ಮೂಗಿನಿಂದ ರಕ್ತ ಸುರಿದು, ಕೈ ಮುಖಗಳ ಮೇಲೆ ಮಂಜು ಹೆಪ್ಪುಗಟ್ಟಿತ್ತು. 1817ರಲ್ಲಿ ನಾಂತ್ ಬಳಿ ಬಯಲೆಂದು ಇಳಿದ ಜಾಗ ಜೌಗು ನೆಲವಾಗಿತ್ತು, ಮುಳುಗುವುದರಲ್ಲಿದ್ದವರನ್ನು ಊರವರು ಬಂದು ಎತ್ತಿದರು. ಅಷ್ಟಾದರೂ ಮತ್ತೆ ಹಾರಿದರು.

ನೆಪೋಲಿಯನ್ ಸೋಫಿಯನ್ನು ಸರ್ಕಾರಿ ಉತ್ಸವಗಳ ಬಲೂನ್ ಹಾರಾಟಗಾರ್ತಿಯಾಗಿ ನೇಮಿಸಿದ್ದ. 1814ರಲ್ಲಿ ಅವನು ಪದಚ್ಯುತನಾಗಿ ಹದಿನೆಂಟನೇ ಲೂಯಿ ಪ್ಯಾರಿಸ್ಸಿಗೆ ಬಂದಾಗ ಸ್ವಾಗತಕ್ಕೆ ಹಾರಿದವರೂ ಸೋಫಿಯೇ. ಹೊಸ ದೊರೆಯೂ ಅವರನ್ನೇ ಆ ಜಾಗದಲ್ಲಿ ಉಳಿಸಿಕೊಂಡ.

ಇನ್ನು ಆ ‘ಪಟಾಕಿ ಹುಚ್ಚು’. ಪ್ಯಾರಿಸ್ಸಿನ ಟಿವೊಲಿ ಉದ್ಯಾನದಲ್ಲಿ ದುಡ್ಡು ಕೊಟ್ಟು ನೋಡಲು ಬರುತ್ತಿದ್ದ ಜನಕ್ಕೆ ಬೇಕಿದ್ದದ್ದು ಸೋಫಿ ಬಲೂನಿನಿಂದ ಹಾರಿಸುವ ಬಾಣಬಿರುಸು. ಅದು ಅವರ ಅನ್ನದ ದಾರಿ. ಜಲಜನಕದ ಪಕ್ಕದಲ್ಲಿ ಬೆಂಕಿ ಎಂಥ ಅಪಾಯ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. 1819ರ ಜುಲೈ 6ರಂದು, ಅವರ 67ನೇ ಹಾರಾಟ ಎಂದು ದಾಖಲಾಗಿರುವ ಆ ರಾತ್ರಿ, ಬಲೂನಿನ ಅನಿಲಕ್ಕೆ ಬೆಂಕಿ ತಗುಲಿತು. ಕೆಳಗಿದ್ದ ಹಲವರು ಅದೂ ಆಟದ ಭಾಗವೆಂದು ಚಪ್ಪಾಳೆ ತಟ್ಟಿದರು. ಸೋಫಿ ಮರಳು ಚೆಲ್ಲಿ ಬೀಳುವ ವೇಗ ತಗ್ಗಿಸಲು ನೋಡುತ್ತಿದ್ದರು. ಬಲೂನು ರ್‍ಯೂ ದ ಪ್ರೊವಾನ್ಸ್ ಬೀದಿಯ ಮನೆಯೊಂದರ ಮಾಡಿಗೆ ಬಂದು ಬಡಿಯಿತು. ಅಲ್ಲಿಂದ ಅವರು ರಸ್ತೆಗೆ ಎಸೆಯಲ್ಪಟ್ಟು ಜೀವ ಬಿಟ್ಟರು. ಕೊನೆಯ ಗಳಿಗೆಯವರೆಗೂ ಒಬ್ಬ ಪೈಲಟ್ ಮಾಡಬೇಕಾದ್ದನ್ನು ಮಾಡುತ್ತಿದ್ದವರನ್ನು ಹುಚ್ಚು ಸಾಹಸಿ ಎನ್ನಬಹುದೇ?

ನಿಮ್ಮ ಲೇಖನದಲ್ಲೇ ಪಿಲಾತ್ರ ದ ರೋಝಿಯೇ ಬಗ್ಗೆ ಎರಡು ಪ್ಯಾರಾ ಇದೆ. ಆಕಾಶದಲ್ಲಿ ಹಾರಿದ ಮೊದಲ ಮನುಷ್ಯರಲ್ಲಿ ಒಬ್ಬ. ಆತ 1785ರಲ್ಲಿ ಸತ್ತದ್ದು, ಜಲಜನಕದ ಚೀಲದ ಕೆಳಗೆ ಬಿಸಿಗಾಳಿಯ ಚೀಲ ಕಟ್ಟಿಕೊಂಡು ಇಂಗ್ಲಿಷ್ ಕಾಲುವೆ ದಾಟಲು ಹೊರಟಾಗ. ಅವನನ್ನು ನಿಮ್ಮ ಲೇಖಕರು ‘ವಿಜ್ಞಾನದ ಹುತಾತ್ಮ’ ಎಂದು ಕರೆದಿದ್ದಾರೆ. ನನ್ನ ತಕರಾರಿಲ್ಲ. ಆದರೆ ಅವನಿಗೊಂದು ಅಳತೆ, ಸೋಫಿಗೆ ಇನ್ನೊಂದು ಏಕೆ? ಹೆಂಗಸಿಗೆ ಬಲೂನಿನಲ್ಲಿ ಏನು ಕೆಲಸ ಎಂದು ಆಗ ಬರೆದವರಿದ್ದರು. ಅವರ ದನಿ ಇನ್ನೂರು ವರ್ಷ ಕಳೆದ ಮೇಲೂ ನಮ್ಮ ಮಕ್ಕಳು ಓದುವ ಪುಟದಲ್ಲಿ ಕೇಳಬಾರದು.

ದಯವಿಟ್ಟು ತಿಬ್ಲ್ ಮತ್ತು ಲಾಬ್ರೋಸ್ ಕುರಿತ ತಿದ್ದುಪಡಿ ಪ್ರಕಟಿಸಿ. ಸಾಧ್ಯವಾದರೆ ಸೋಫಿಯ ಬಗ್ಗೆಯೇ ಒಂದು ಪೂರ್ಣ ಲೇಖನ ಬರಲಿ. ಅದರ ಜೊತೆಗೆ ಹಾಕಲು 1811ರ ಮಿಲಾನ್ ಹಾರಾಟದ್ದೊಂದು ಚಿತ್ರವಿದೆ, ಲುಯಿಜಿ ರಾಡೋಸ್ ಕೆತ್ತಿದ್ದು. ಅದರಲ್ಲಿ ಅವರು ತಮ್ಮ ಬಲೂನಿನ ಬುಟ್ಟಿಯಲ್ಲಿ ನಿಂತಿದ್ದಾರೆ. ಉರಿಯುವ ಚಿತ್ರದ ಬದಲು ಅದನ್ನು ಬಳಸಿ.

– ನಿವೃತ್ತ ಭೌತಶಾಸ್ತ್ರ ಶಿಕ್ಷಕಿ, ಸಾಗರ